ಪಣಜಿಗೋ ಧಾರವಾಡಕ್ಕೋ

ಕೇಣಿ, ಅಂಕೋಲಾ
೩ ನವೆಂಬರ್ ೨೦೨೪

ಪ್ರೀತಿಯ ಗಂಗಕ್ಕ,

ನಿನ್ನೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದೆವು. ಹೇಳಬೇಕೆಂದುಕೊಂಡಿದ್ದ ಒಂದು ಮಾತನ್ನೂ ಹೇಳಿರಲಿಲ್ಲ ಎಂದು ಫೋನ್ ಇಟ್ಟ ಮೇಲೆ ಗೊತ್ತಾಯಿತು. ನಾನು ಹಾಸ್ಟೆಲಿನಲ್ಲಿದ್ದಾಗ ನೀನೊಮ್ಮೆ ಬರೆದಿದ್ದೆ: ಫೋನಿನಲ್ಲಿ ನಾವಿಬ್ಬರೂ 'ಆರಾಮ' ಎಂದು ಸುಳ್ಳು ಹೇಳುತ್ತೇವೆ, ಕಾಗದದಲ್ಲಿ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಮಳೆ ಮುಗಿದು ಬಿಸಿಲು ಬಿದ್ದಿದೆ. ನಮ್ಮ ಇಪ್ಪತ್ತೆರಡು ಪೆಟ್ಟಿಗೆಗಳನ್ನೂ ದಂಡೆಯ ಮೇಲೆ ಮತ್ತೆ ಸಾಲಾಗಿ ಇಟ್ಟಿದ್ದೇವೆ. ದೂರದಿಂದ ನೋಡಿದರೆ ಮರಳಿನ ಮೇಲೆ ಇಪ್ಪತ್ತೆರಡು ಸಣ್ಣ ಕೆರೆಗಳು ಹೊಳೆಯುತ್ತಿರುವ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಪ್ಲಾಸ್ಟಿಕ್ ಹಾಳೆಯ ಕೆಳಗೆ ತಾರ್ಲೆ, ಬಂಗಡೆ, ಸಿಗಡಿ ಮಲಗಿರುತ್ತವೆ. ಸೋಲಾರಿನ ಫ್ಯಾನು ಗುಂಯ್ ಎನ್ನುತ್ತಿರುತ್ತದೆ. ಮರಳಿನ ಮೇಲೆ ಮೂರು ದಿನ ಬೇಕಿದ್ದ ಮೀನು ಒಂದೂವರೆ ದಿನಕ್ಕೆ ಒಣಗುತ್ತದೆ, ನೊಣವಿಲ್ಲ, ಕಾಗೆಯಿಲ್ಲ. ಮೀನು ತಂದು ಒಣಗಿಸಿಕೊಳ್ಳುವ ಊರ ಹೆಂಗಸರಲ್ಲಿ ಹಿರಿಯಳಾದ ಮಾದೇವಕ್ಕ ಮಧ್ಯಾಹ್ನ ಪೆಟ್ಟಿಗೆಗಳ ನಡುವೆ ಕೂತು ತೂಕಡಿಸುತ್ತಾಳೆ. ಅರವತ್ತು ವರ್ಷ ಕಾಗೆ ಓಡಿಸಿದ ಕೈಗೆ ಈಗ ಕೆಲಸವಿಲ್ಲವಂತೆ.

ಈಗ ವಿಷಯ. ನಮ್ಮ 'ಬಿಸಿಲಮನೆ' ಕಂಪನಿಗೆ ಎರಡು ಕಡೆಯಿಂದ ಕರೆ ಬಂದಿದೆ. ಎರಡೂ ಹೊಸ ಕಂಪನಿ ಕಟ್ಟುವವರ ಸಭೆಗಳೇ. ಒಂದು ಪಣಜಿಯಲ್ಲಿ, ಸಮುದ್ರದ ಎದುರಿನ ದೊಡ್ಡ ಹೋಟೆಲಿನಲ್ಲಿ. ಅಲ್ಲಿಗೆ ಬಂಡವಾಳ ಹೂಡುವವರು ಬರುತ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ನಮ್ಮ ಕಂಪನಿ ಮುಂದೆ ಏನಾಗುತ್ತದೆ ಎಂದು ಹೇಳಬೇಕು. ಹಿಡಿಸಿದರೆ ಅವರು ಹಣ ಹಾಕುತ್ತಾರೆ, ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಇನ್ನೊಂದು ಧಾರವಾಡದಲ್ಲಿ, ಹಳೆಯ ಶಾಲೆಯೊಂದರಲ್ಲಿ, ನಲವತ್ತೇ ಜನ. ಹೊರಗಿನವರ ಹಣ ಮುಟ್ಟದೆ ಸ್ವಂತ ಗಳಿಕೆಯಲ್ಲೇ ನಡೆಸುವವರು ಸೇರಿ, ಹೇಗೆ ಉಳಿದೆವು ಎಂದು ಮಾತಾಡುತ್ತಾರಂತೆ. ಅಲ್ಲಿ ಹಣ ಕೊಡುವವರು ಯಾರೂ ಇರುವುದಿಲ್ಲ.

ಎರಡೂ ಜನವರಿ ಇಪ್ಪತ್ನಾಲ್ಕು, ಇಪ್ಪತ್ತೈದಕ್ಕೇ. ಒಂದಕ್ಕೆ ಹೋದರೆ ಇನ್ನೊಂದಿಲ್ಲ. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದ ರೋಹಿತ ತನ್ನ ಕಂಪನಿಯ ಸಲುವಾಗಿ ಪಣಜಿಗೆ ಹೋಗುತ್ತಾನೆ. "ನೀ ಬರದೇ ಇದ್ರೆ ಹುಚ್ಚಿ" ಎಂದು ಬೈದ.

ಫ್ಯಾನು, ಹಾಳೆ, ಪೊಟ್ಟಣದ ಖರ್ಚಿಗೆ ಕಡಿಮೆ ಬಿದ್ದದ್ದನ್ನು ನಾಲ್ಕು ವರ್ಷದಿಂದ ಪ್ರತಿ ತಿಂಗಳು ನಿನ್ನ ಸಂಬಳದಲ್ಲಿ ತುಂಬುತ್ತಿರುವವಳು ನೀನು. ಆದ್ದರಿಂದ ನೀನೇ ಹೇಳು. ಎಲ್ಲಿಗೆ ಹೋಗಲಿ?

ಬಿಸಿಲಲ್ಲಿ ಕಪ್ಪಾದ ನಿನ್ನ ತಂಗಿ,
ಗಾಯತ್ರಿ


ಕದ್ರಾ
೧೪ ನವೆಂಬರ್ ೨೦೨೪

ತಂಗೀ,

ನಿನ್ನ ಕಾಗದ ಅಣೆಕಟ್ಟಿನ ಕ್ಯಾಂಟೀನಿನ ವಿಳಾಸಕ್ಕೆ ಬಂತು, ಉಪ್ಪಿಟ್ಟಿನ ಎಣ್ಣೆ ಹತ್ತಿಸಿಕೊಂಡು ನನ್ನ ಕೈಗೆ ಬಂತು. ಎರಡು ಸಲ ಓದಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು ಕೇಳುತ್ತೀಯಲ್ಲ, ನಿನಗೂ ಬುದ್ಧಿಯಿಲ್ಲ.

ಪಣಜಿಗೆ ಹೋಗು. ನಲವತ್ತು ಜನ ಕೂತು 'ಹೇಗೆ ಉಳಿದೆವು' ಎಂದು ಹೇಳಿಕೊಳ್ಳುವುದಕ್ಕೆ ಧಾರವಾಡದ ತನಕ ಯಾಕೆ ಹೋಗಬೇಕು? ಅದನ್ನು ನಮ್ಮ ಕ್ಯಾಂಟೀನಿನ ಹಿತ್ತಿಲಲ್ಲಿ ಪಾತ್ರೆ ತಿಕ್ಕುವಾಗ ದಿನಾ ಮಾತಾಡುತ್ತೇವೆ. ದುಡ್ಡಿರುವವರು ಕರೆದಿದ್ದಾರೆ, ಹೋಗು. ಒಳ್ಳೆಯ ಸೀರೆ ಉಡು.

ಇಲ್ಲಿ ಈಗ ಮಂಜಿನ ಕಾಲ. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚಿ ಹೊರಗೆ ಬಂದರೆ ಅಣೆಕಟ್ಟು ಕಾಣುವುದಿಲ್ಲ, ನೀರೂ ಕಾಣುವುದಿಲ್ಲ, ಬಿಳಿ ಮಾತ್ರ. ಆ ಬಿಳಿಯೊಳಗಿಂದ ಯಾರೋ ಕೆಮ್ಮುತ್ತಾ ಬರುತ್ತಾರೆ. ಅರ್ಧ ದಾರಿಗೆ ಬಂದ ಮೇಲೆ ಕಾಲು ಕಾಣುತ್ತದೆ, ಆಮೇಲೆ ಕೈ, ಕೊನೆಗೆ ಮುಖ. ಬಹಳ ದಿನ ಅದು ಹುಲಿಯಾ. ಗೇಟಿನ ಮೇಲೆ ಕೆಲಸ ಮಾಡುವ ಮನುಷ್ಯ, ಕದ್ವಾಡದವನು. ಹೆಸರು ಹುಲಿಯಾ, ಬೆಕ್ಕು ಅಡ್ಡ ಬಂದರೆ ನಿಂತುಬಿಡುತ್ತಾನೆ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಾನೆ, ಮತ್ತೆ ಬೆಲ್ಲ ಕೇಳುತ್ತಾನೆ.

ಮೊನ್ನೆ ಒಂದು ಕನಸು ಬಿತ್ತು. ನಾನು ದೋಣಿಯಲ್ಲಿ ಕೂತು ಅಣೆಕಟ್ಟಿನ ನೀರಿನ ಮೇಲೆ ಹೋಗುತ್ತಿದ್ದೆ. ಬಗ್ಗಿ ನೋಡಿದರೆ ಕೆಳಗೆ ಗದ್ದೆ, ಬತ್ತ ಹಣ್ಣಾಗಿ ಬಾಗಿತ್ತು. ಯಾರೋ ಕೊಯ್ಯುತ್ತಿದ್ದರು. ಕತ್ತಿಯ ಸದ್ದು ನೀರಿನೊಳಗಿಂದ ಸರಸರ ಕೇಳುತ್ತಿತ್ತು. ಅವ್ವಿ ಇರಬಹುದು ಎಂದು ಕರೆದೆ. ಅವರು ತಲೆ ಎತ್ತಿ ನೋಡಲಿಲ್ಲ, ಕೆಲಸ ಬಹಳ ಇತ್ತು ಅಂತ ಕಾಣುತ್ತದೆ. ಎಚ್ಚರಾದಾಗ ನನಗೆ ದುಃಖವೂ ಆಗಿರಲಿಲ್ಲ. ಹಗುರಾಗಿತ್ತು.

ಪಣಜಿಗೆ ಹೋಗು. ಬೇರೆ ಯೋಚನೆ ಮಾಡಬೇಡ.

ಒಲೆಯ ಮುಂದಿನಿಂದ,
ಗಂಗೆ


ಕೇಣಿ
೧ ಡಿಸೆಂಬರ್ ೨೦೨೪

ಅಕ್ಕಾ,

'ಪಣಜಿಗೆ ಹೋಗು' ಎಂದು ಒಂದೇ ಕಾಗದದಲ್ಲಿ ಎರಡು ಸಲ ಬರೆದಿದ್ದೀಯಾ. ಯಾಕೆಂದು ನನಗೆ ಅರ್ಥವಾಯಿತು. ನಿನಗೆ ಅಲ್ಲಿ ಸಾಕಾಗಿದೆ. ಹದಿನಾಲ್ಕು ವರ್ಷ ಬೇರೆಯವರಿಗೆ ಉಪ್ಪಿಟ್ಟು ತಿರುವಿದವಳಿಗೆ ಸಾಕಾಗದೆ ಇರುತ್ತದೆಯೇ? ನೀನು ಬಾಯಿಬಿಟ್ಟು ಹೇಳುವವಳಲ್ಲ, ನಾನೇ ಹೇಳುತ್ತೇನೆ.

ನನ್ನ ಮನಸ್ಸು ಮಾತ್ರ ಧಾರವಾಡದ ಕಡೆಗಿತ್ತು. ಸುಳ್ಳು ಯಾಕೆ ಹೇಳಲಿ. ಪಣಜಿಯ ಐದು ನಿಮಿಷದ ಮಾತನ್ನು ದಂಡೆಯ ಮೇಲೆ ನಿಂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. 'ಐದು ವರ್ಷದಲ್ಲಿ ಕರಾವಳಿಯ ನೂರು ಊರುಗಳಲ್ಲಿ ಬಿಸಿಲಮನೆ' ಎಂದು ಅದರಲ್ಲಿದೆ, ರೋಹಿತ ಬರೆಸಿದ್ದು. ಮಾದೇವಕ್ಕ ಕಣ್ಣು ಮುಚ್ಚಿ ಕೂತಿದ್ದಳು, ನಿದ್ದೆ ಎಂದುಕೊಂಡಿದ್ದೆ.

"ನೂರೂರು ಎಲ್ಲಿಂದ ತತ್ತೆ ತಂಗೀ? ನಮ್ಮೂರಲ್ಲೇ ಮೂರು ಪೆಟ್ಗೆ ಫ್ಯಾನು ತಿರಗದೇ ಬಿದ್ಕಂಡದೆ. ಅದ್ನ ಮೊದ್ಲು ನೋಡು."

"ದುಡ್ಡು ಬಂದ್ರೆ ಎಲ್ಲಾ ಹೊಸಾದು ತರೂಕಾತದೆ ಮಾದೇವಕ್ಕ."

"ಬಂದವ್ರು ಮೀನು ತಿಂತ್ರೋ ಇಲ್ವೋ, ಅದ್ನಾದ್ರೂ ಕೇಳು" ಎಂದು ಮತ್ತೆ ಕಣ್ಣು ಮುಚ್ಚಿದಳು.

ನಗು ಬಂತು. ಆದರೂ ನಾನು ಪಣಜಿಗೇ ಹೋಗುತ್ತೇನೆ. ತೀರ್ಮಾನ ಮಾಡಿದ್ದೇನೆ. ಯಾರಾದರೂ ಬಂಡವಾಳ ಹಾಕಿದರೆ ಮರುದಿನವೇ ನೀನು ಕ್ಯಾಂಟೀನಿಗೆ ನಮಸ್ಕಾರ ಹೇಳಿ ಬಸ್ಸು ಹತ್ತಬೇಕು. ಮನೆಯ ಪಡುಗಡೆಗೆ ನಿನಗೊಂದು ಕೋಣೆ ತೆಗೆಸುತ್ತೇನೆ. ಕಿಟಕಿ ತೆರೆದರೆ ಸಮುದ್ರ. ಬೆಳಿಗ್ಗೆ ನಿನಗೆ ನಾನೇ ಚಹಾ ಮಾಡಿಕೊಡುತ್ತೇನೆ. ನೀನು ಎಂಟು ಗಂಟೆಯ ತನಕ ಮಲಗು. ಈ ಕೋಣೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ಕಟ್ಟಿದ್ದೇನೆಂದರೆ ಅದರ ಗೋಡೆಗೆ ಒರಗಿದ ಹಾಗೂ ಆಗುತ್ತದೆ. ಸುಣ್ಣದ ತಂಪು ಬೆನ್ನಿಗೆ ತಾಗುತ್ತದೆ.

ಕಿಟಕಿಗೆ ಯಾವ ಬಣ್ಣ ಎಂದು ತಪ್ಪದೆ ಬರೆ.

ನಿನ್ನ ದಾರಿ ಕಾಯುವ,
ಗಾಯತ್ರಿ


ಕದ್ರಾ
೧೬ ಡಿಸೆಂಬರ್ ೨೦೨೪

ತಂಗೀ,

ಕಾಗದ ಬಂತು. ಇಲ್ಲಿ ಎಲ್ಲ ಸರಿಯಾಗಿದೆ. ಮಂಜು ಇನ್ನೂ ಇದೆ. ಶನಿವಾರ ಅಣೆಕಟ್ಟು ನೋಡಲು ಎಂಬತ್ತು ಜನ ಬಂದಿದ್ದರು, ಬಾಳೆಎಲೆ ಸಾಲದೆ ಹುಲಿಯಾ ಮೋಟರ್‌ಸೈಕಲ್ಲಿನ ಮೇಲೆ ಕದ್ವಾಡದ ತನಕ ಹೋಗಿ ತಂದುಕೊಟ್ಟ.

ಕಿಟಕಿಯ ಬಣ್ಣ ಆಮೇಲೆ ನೋಡುವ. ಗೋಡೆಯೇ ಇಲ್ಲ, ಬಣ್ಣ ಯಾಕೆ.

ಗಂಗೆ


ಕೇಣಿ
೨೯ ಡಿಸೆಂಬರ್ ೨೦೨೪

ಅಕ್ಕಾ,

ನಿನ್ನ ಕಾಗದವನ್ನು ಮಗುಚಿ ಮಗುಚಿ ನೋಡಿದೆ, ಹಿಂದುಗಡೆ ಏನಾದರೂ ಬರೆದಿದ್ದೀಯೋ ಎಂದು. ಇರಲಿಲ್ಲ.

ನಾನು ತಪ್ಪು ಮಾತಾಡಿದೆನೆ? ಕೋಣೆ ಕಟ್ಟುತ್ತೇನೆ ಎಂದದ್ದು ಉಪಕಾರ ತೀರಿಸುವ ಮಾತಿನ ಹಾಗೆ ಕೇಳಿಸಿತೇ? ಅವ್ವಿ ಹೋದಾಗ ನನಗೆ ಹನ್ನೆರಡು. ನನ್ನ ಜಡೆಯನ್ನು ನೀನು ಎರಡೆರಡು ಸಲ ಬಿಚ್ಚಿ ಹಾಕುತ್ತಿದ್ದೆ, ಅದು ನನಗೆ ನೆನಪಿದೆ. ನಿನ್ನ ಜೊತೆ ಲೆಕ್ಕದ ಮಾತು ನಾನು ಆಡುವುದಿಲ್ಲ.

ಪಣಜಿಯವರಿಗೆ ಹ್ಞೂಂ ಎಂದಿದ್ದೇನೆ. ಧಾರವಾಡದವರಿಗೆ ಇಲ್ಲ ಎಂದು ಬರೆಯಲು ಕೂತೆ, ಬರೆದು ಹರಿದೆ. ನಾಳೆ ಬರೆಯುತ್ತೇನೆ ಎಂದು ಎದ್ದೆ. ಹೀಗೆ ನಾಲ್ಕು ದಿನ ಆಯಿತು.

ಸಂಜೆ ಇಳಿತದ ಹೊತ್ತಿಗೆ ದಂಡೆ ಎಷ್ಟು ಅಗಲ ಆಗುತ್ತದೆ ನಿನಗೆ ಗೊತ್ತಲ್ಲ. ನೆನೆದ ಮರಳಿನಲ್ಲಿ ಆಕಾಶ ಬಿದ್ದಿರುತ್ತದೆ. ಅದರ ಮೇಲೆ ನಡೆದರೆ ಮೇಲಿದ್ದೇನೋ ಕೆಳಗಿದ್ದೇನೋ ಎಂದು ಭ್ರಮೆಯಾಗುತ್ತದೆ. ಹಾಗೆ ನಡೆಯುತ್ತಾ ಮನಸ್ಸಿನಲ್ಲೇ ನಿನ್ನ ಜೊತೆ ಬಹಳ ಮಾತಾಡಿದೆ.

ಸಿಟ್ಟಿದ್ದರೆ ಸಿಟ್ಟೆಂದೇ ಬರೆ.

ಗಾಯತ್ರಿ


ಕದ್ರಾ
೧೨ ಜನವರಿ ೨೦೨೫

ನನ್ನ ಗಾಯತ್ರಿಗೆ,

ಸಿಟ್ಟಲ್ಲ ಮಗಾ. ನಾಚಿಕೆ.

ನಿನಗೆ ನಾನು ಪಣಜಿಗೆ ಹೋಗು ಎಂದದ್ದು ನಿನ್ನ ಒಳ್ಳೆಯದಕ್ಕೆ ಅಲ್ಲ. ಕೇಣಿಗೆ ಬರಬೇಕೆಂದೂ ಅಲ್ಲ. ಯಾರಾದರೂ ದುಡ್ಡಿನವರು ನಿನ್ನನ್ನು ನೋಡಿಕೊಂಡರೆ ನಾನು ಪ್ರತಿ ತಿಂಗಳು ಕಳಿಸುವುದು ನಿಲ್ಲಿಸಬಹುದಲ್ಲ ಎಂದು. ಅದನ್ನು ನೆಟ್ಟಗೆ ಹೇಳಲು ಬಾಯಿ ಬರಲಿಲ್ಲ. ನಿನ್ನ ಒಳ್ಳೆಯದಕ್ಕೆಂಬಂತೆ ಹೇಳಿದೆ. ನೀನು ಅದನ್ನು ನಂಬಿ ನನಗೆ ಕೋಣೆ ಕಟ್ಟಲು ಹೊರಟೆ. ಆ ಕಾಗದ ಓದಿದ ದಿನ ಅನ್ನ ತಳಹಿಡಿಯಿತು.

ಹುಲಿಯಾನ ವಿಷಯ ನಿನಗೆ ಸ್ವಲ್ಪ ಗೊತ್ತಾಗಿರಬೇಕು, ಪ್ರತಿ ಕಾಗದದಲ್ಲೂ ಅವನು ಬರುತ್ತಿದ್ದ. ಕಳೆದ ಮಳೆಗಾಲದಲ್ಲಿ ಗೇಟು ಎತ್ತುವ ದಿನವೆಲ್ಲ ಕ್ಯಾಂಟೀನಿನ ಬಾಗಿಲಿಗೆ ಬಂದು, "ಗಂಗಾಬಾಯಿ, ಇವತ್ತು ನೀರು ಬಿಡೂದದೆ. ಹೊಳೆ ಬದಿಗೆ ಹೋಗ್ಬೇಡಿ" ಎಂದು ಹೇಳಿ ಹೋಗುತ್ತಿದ್ದ. ಸೈರನ್ನು ಊರಿಗೆಲ್ಲ ಕೇಳುತ್ತದೆ. ಆದರೂ ಬಂದು ಹೇಳುತ್ತಿದ್ದ. ಒಂದು ದಿನ ಕೇಳಿದೆ, "ಸೈರನ್ ಆತದಲ್ಲ, ನೀವು ಎಂತಕ್ಕೆ ಬರೂದು?" "ಸೈರನ್ನಿಗೆ ನಿಮ್ಮ ಹೆಸರು ಗೊತ್ತಿಲ್ವಲ್ಲ" ಎಂದ.

ನನಗೆ ನಲವತ್ಮೂರು, ಗಾಯತ್ರಿ. ನಗಬೇಡ.

ಮಾರ್ಚಿನಲ್ಲಿ ಮದುವೆಯಾಗುವುದು ಎಂದಿದ್ದೇವೆ. ಕದ್ವಾಡದಲ್ಲಿ ಅವನ ಮನೆ ಇದೆ, ತಾಯಿ ಇದ್ದಾಳೆ. ಮಾಡು ಸೋರುತ್ತದೆ, ಮಳೆಗೆ ಮುಂಚೆ ಹೊಸ ಹೆಂಚು ಹೊದಿಸಬೇಕು. ಕೆಲಸ ನಾನು ಬಿಡುವುದಿಲ್ಲ. ನನಗೆ ಇಲ್ಲಿ ಸಾಕಾಗಿದೆ ಎಂದು ನೀನು ತಿಳಿದುಕೊಂಡಿದ್ದೀಯಾ. ಮಂಜಿನಲ್ಲಿ ಒಲೆ ಹಚ್ಚುವುದು ನನಗೆ ಇಷ್ಟ, ಯಾರೂ ನನ್ನನ್ನು ಕೇಳಿರಲಿಲ್ಲ ಅಷ್ಟೆ. ಸಮುದ್ರದ ಸದ್ದಿನಲ್ಲಿ ನನಗೆ ನಿದ್ದೆ ಬರುವುದಿಲ್ಲ. ಚಿಕ್ಕಂದಿನಿಂದಲೂ ಬಂದಿಲ್ಲ. ನೀನು ಆ ಕೋಣೆಯಲ್ಲಿ ನನ್ನನ್ನು ಎಂಟು ಗಂಟೆಯ ತನಕ ಮಲಗಿಸುತ್ತೇನೆ ಎಂದೆಯಲ್ಲ, ನಾನು ರಾತ್ರಿಯಿಡೀ ಎದ್ದೇ ಕೂತಿರುತ್ತಿದ್ದೆ.

ಏಪ್ರಿಲಿನಿಂದ ನಾನು ದುಡ್ಡು ಕಳಿಸುವುದಿಲ್ಲ. ಬರೆದುಬಿಟ್ಟೆ ನೋಡು.

ಪಣಜಿಗೆ ಹೋಗುತ್ತೀಯೋ ಧಾರವಾಡಕ್ಕೆ ಹೋಗುತ್ತೀಯೋ, ನನ್ನ ಸಲುವಾಗಿ ಹೋಗಬೇಡ.

ನಿನ್ನ ಅಕ್ಕನೇ,
ಗಂಗೆ


ಕೇಣಿ
೨೭ ಜನವರಿ ೨೦೨೫

ಅಕ್ಕಾ,

ನಿನ್ನ ಕಾಗದ ಬಂದದ್ದು ಹದಿನೆಂಟಕ್ಕೆ. ಒಂಬತ್ತು ದಿನ ಉತ್ತರ ಬರೆಯದೆ ಇದ್ದೆ. ಮೊದಲ ದಿನ ಅತ್ತೆ. ಯಾಕೆ ಅತ್ತೆ ಎಂದು ಕೇಳಬೇಡ. ಮಾರ್ಚಿನ ಮದುವೆಗೂ ಅತ್ತೆ, ಏಪ್ರಿಲಿನ ದುಡ್ಡಿಗೂ ಅತ್ತೆ. ಯಾವುದಕ್ಕೆ ಎಷ್ಟು ಎಂದು ನನಗೇ ಗೊತ್ತಿಲ್ಲ. ಎರಡನೆಯ ದಿನ ನಿನ್ನ ಮೇಲೆ ಸಿಟ್ಟು ಬಂತು. ಮೂರನೆಯ ದಿನ ಆ ಕೆಟ್ಟ ಮೂರು ಪೆಟ್ಟಿಗೆಗಳನ್ನು ಬಿಚ್ಚಿ ಕೂತೆ. ಫ್ಯಾನಿನ ತಂತಿಗೆ ಉಪ್ಪು ಹತ್ತಿತ್ತು, ಉಜ್ಜಿದರೆ ತಿರುಗಿತು. ಆ ಹೊತ್ತಿಗೆ ಸ್ವಲ್ಪ ಸಮಾಧಾನವಾಯಿತು.

ಈಗ ಇಪ್ಪತ್ನಾಲ್ಕನೇ ತಾರೀಖಿನದು ಹೇಳುತ್ತೇನೆ. ಬೆಳಿಗ್ಗೆ ಆರೂವರೆಗೆ ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಒಳ್ಳೆಯ ಸೀರೆ ಉಟ್ಟಿದ್ದೆ. ಕಾರವಾರದ ಮೇಲೆ ಪಣಜಿಗೆ ಹೋಗುವ ಬಸ್ಸು ಬರುವುದಿತ್ತು. ದುಡ್ಡು ನಿಲ್ಲುತ್ತದೆ ಎಂದ ಮೇಲೆ ಪಣಜಿಗೆ ಹೋಗುವುದೇ ಬುದ್ಧಿವಂತಿಕೆ ಎಂದು ಯಾರಾದರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಚಳಿಯಿತ್ತು. ಬಸ್‌ಸ್ಟ್ಯಾಂಡಿನ ದೀಪಗಳಿನ್ನೂ ಉರಿಯುತ್ತಿದ್ದವು. ಮೂಡಲು ಆಗಲೇ ಬೆಳ್ಳಗಾಗಿತ್ತು, ಎರಡೂ ಬೆಳಕು ಕಲೆತು ಮನುಷ್ಯರೆಲ್ಲ ನೀರಿನೊಳಗೆ ಓಡಾಡುವವರ ಹಾಗೆ ಕಾಣುತ್ತಿದ್ದರು. ಹೂವಿನ ಬುಟ್ಟಿಯವಳು ತೇಲಿಕೊಂಡು ಹೋದಳು. ಪಣಜಿಯ ಬಸ್ಸು ಬಂತು, ಬಾಗಿಲು ತೆರೆಯಿತು. ಕಂಡಕ್ಟರು ನನ್ನ ಮುಖ ನೋಡಿದ. ನಾನು ಅಲ್ಲೇ ಕೂತಿದ್ದೆ.

ಆ ನೂರು ಊರಿನ ಮಾತನ್ನು ಇಷ್ಟು ದಿನ ನಿನ್ನ ಕೋಣೆಗಾಗಿ ಬಾಯಿಪಾಠ ಮಾಡಿದ್ದೆ. ನಿನಗೆ ಕೋಣೆ ಬೇಡ. ಅಕ್ಕನಿಗಾಗಿ ಎಂದು ಹೇಳಿಕೊಳ್ಳುವ ಹಾಗೆ ಇನ್ನಿರಲಿಲ್ಲ. ಹಾಗಾದರೆ ನನಗೆ ಏನು ಬೇಕು? ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆ ನನಗೆ ಒಂಟಿಯಾಗಿ ಸಿಕ್ಕಿದ್ದು ಅದೇ ಮೊದಲು. ನೂರು ಊರು ಬೇಡ ಅನ್ನಿಸಿತು. ಕೇಣಿಯ ಇಪ್ಪತ್ತೆರಡು ಪೆಟ್ಟಿಗೆಯ ಫ್ಯಾನೂ ನಿಲ್ಲದ ಹಾಗೆ ತಿರುಗಬೇಕು ಅನ್ನಿಸಿತು. ರೋಹಿತನಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅರಬೈಲ್ ಘಟ್ಟ ಹತ್ತುವಾಗ ಹೆದರಿಕೆಯಾಯಿತು. ಇಳಿದುಬಿಡಲೇ ಎಂದು ಎರಡು ಸಲ ಎದ್ದೆ.

ಧಾರವಾಡದ ಶಾಲೆಯಲ್ಲಿ ಬೆಂಚುಗಳನ್ನು ದುಂಡಗೆ ಇಟ್ಟಿದ್ದರು. ತಡವಾಗಿ ಹೋದೆ, ಯಾರೋ ಸರಿದು ಜಾಗ ಕೊಟ್ಟರು. ಒಬ್ಬೊಬ್ಬರೇ ಎದ್ದು ಹೇಳುತ್ತಿದ್ದರು, ಸ್ವಂತ ದುಡ್ಡಿನಲ್ಲಿ ಶುರು ಮಾಡಿದೆ, ಸ್ವಂತ ದುಡ್ಡಿನಲ್ಲಿ ನಡೆಸಿದೆ ಎಂದು. ಹತ್ತು ಜನ ಆದ ಮೇಲೆ ವೈಜಯಂತಿ ಎಂಬವರು ಕೈ ಎತ್ತಿದರು. ಐವತ್ತೈದರ ಹೆಂಗಸು, ಶಾಲೆಯ ಚೀಲ ಹೊಲಿಸುವ ಕಂಪನಿ ನಡೆಸುತ್ತಾರೆ.

"ಎಲ್ಲಾರೂ ಸ್ವಂತ ಸ್ವಂತ ಅನ್ನಾಕತ್ತೀರಿ. ಸ್ವಂತ ಅಂದ್ರ ಯಾರ್ರೀ? ನಾನೂ ಇಪ್ಪತ್ತು ವರ್ಷ ಹಂಗ ಅಂದೆ. ನಮ್ಮ ಮನೀಯವ್ರು ಪಗಾರ ತಂದು ಅಡಗೀ ನಡಸ್ಲಿಲ್ಲಂದ್ರ ನನ್ನ ಮಶೀನು ಎಲ್ಲಿ ನಡೀತಿತ್ತು?"

ಕಿಟಕಿಯಿಂದ ಒಣಗಾಳಿ ಬಂದು ಬೋರ್ಡಿನ ಸುಣ್ಣದ ಪುಡಿ ಬಿಸಿಲಿನ ಕೋಲಿನಲ್ಲಿ ತಿರುಗುತ್ತಿತ್ತು. ಆಮೇಲೆ ಒಬ್ಬ, ನನ್ನದು ಮಾವನ ಹೊಲ ಎಂದ. ಇನ್ನೊಬ್ಬ, ಗೆಳೆಯ ಒಂದು ವರ್ಷ ಸಂಬಳವಿಲ್ಲದೆ ದುಡಿದ ಎಂದ. ನನ್ನ ಸರದಿ ಬಂತು. "ನನ್ನ ಅಕ್ಕ. ಕದ್ರಾದ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಗಂಗೆ ಅಂತ ಹೆಸರು" ಎಂದೆ. ನಿನ್ನ ಹೆಸರನ್ನು ಅಷ್ಟು ಜನರ ಎದುರು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. "ಮಾರ್ಚಿನಲ್ಲಿ ಅವಳ ಮದುವೆ. ಏಪ್ರಿಲಿನಿಂದ ದುಡ್ಡು ಕಳಿಸುವುದಿಲ್ಲ ಎಂದಿದ್ದಾಳೆ" ಎಂದೂ ಹೇಳಿದೆ. ಯಾರಾದರೂ ಅಯ್ಯೋ ಎನ್ನುತ್ತಾರೆಂದು ಕಾದೆ. ವೈಜಯಂತಿಯವರು ನಕ್ಕರು.

"ಚಲೋ ಆತು ಬಿಡು ತಂಗಿ. ಇನ್ನ ನಿನ್ನ ಕಂಪನಿ ಸುರು ಆತು."

ಎರಡನೆಯ ದಿನ ಅವರೇ ನನ್ನನ್ನು ಪಕ್ಕ ಕೂರಿಸಿಕೊಂಡು ಕೇಳಿದರು: ಪೆಟ್ಟಿಗೆ ಬಳಸುವವರಿಂದ ಬಾಡಿಗೆ ಯಾಕೆ ತೆಗೆದುಕೊಳ್ಳುವುದಿಲ್ಲ? ಬಡ ಹೆಂಗಸರು ಎಂದೆ. ಅವರನ್ನು ಕೇಳಿದ್ದೀಯಾ ಎಂದರು. ಕೇಳಿರಲಿಲ್ಲ. ನಿನ್ನೆ ಬಂದು ಮಾದೇವಕ್ಕನನ್ನು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಬುಟ್ಟಿಗಿಷ್ಟು ಅಂತ ಕೊಡೂಕೆ ನಾವು ಯಾವಾಗ್ಲೋ ತಯಾರಿದ್ವಿ. ನೀ ಕೇಳ್ದೇ ಇದ್ರೆ ನಾವಾಗೇ ಕೊಡೂಕಾತದ್ಯೆ? ಧರ್ಮಕ್ಕೆ ಕೊಟ್ಟಿದ್ದು ಕೆಟ್ರೆ ರಿಪೇರಿ ಮಾಡು ಅಂತ ಬೈಯೂಕೂ ಬತ್ತಿಲ್ಲ" ಎಂದಳು. ಇನ್ನು ಬೈಯಬಹುದಂತೆ, ಅದಕ್ಕೇ ಅವಳಿಗೆ ಹೆಚ್ಚು ಸಂತೋಷ.

ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ಈ ವರ್ಷ ಹೊಸ ಪೆಟ್ಟಿಗೆ ಮಾಡುವುದಿಲ್ಲ. ರೋಹಿತನಿಗೆ ಪಣಜಿಯಲ್ಲಿ ಬಂಡವಾಳ ಹಾಕುವವರೊಬ್ಬರು ಸಿಕ್ಕಿದ್ದಾರಂತೆ. ಅವನ ಧ್ವನಿಯಲ್ಲಿ ಬಹಳ ಖುಷಿ ಇತ್ತು, ನನಗೂ ಖುಷಿಯಾಯಿತು. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅದನ್ನೂ ಬರೆದಿದ್ದೇನೆ, ಕಾಗದದಲ್ಲಿ ಸುಳ್ಳು ಬೇಡ.

ಮಾರ್ಚ್ ಎಷ್ಟನೇ ತಾರೀಖು? ನಾನು ಹಿಂದಿನ ದಿನವೇ ಬರುತ್ತೇನೆ. ಈ ಸಲ ನಿನ್ನ ಜಡೆ ನಾನು ಹಾಕಬೇಕು.

ನಿನ್ನವಳೇ ಆದ,
ಗಾಯತ್ರಿ

ಮರೆತಿದ್ದೆ. ಹುಲಿಯಾ ಭಾವನಿಗೆ ನನ್ನ ನಮಸ್ಕಾರ ಹೇಳು. 'ಭಾವ' ಎಂದು ಬರೆಯುವುದಕ್ಕೆ ಪೆನ್ನು ಸ್ವಲ್ಪ ನಿಂತಿತು, ಆಮೇಲೆ ಸರಾಗವಾಗಿ ಹೋಯಿತು.


ಕದ್ರಾ
೭ ಏಪ್ರಿಲ್ ೨೦೨೫

ತಂಗೀ,

ಮದುವೆಗೆ ನೀನು ತಂದ ಒಣ ಸಿಗಡಿಯನ್ನು ನನ್ನ ಅತ್ತೆ ಇನ್ನೂ ಡಬ್ಬದಲ್ಲಿಟ್ಟುಕೊಂಡಿದ್ದಾಳೆ. ಬಂದವರಿಗೆಲ್ಲ ತೆರೆದು ತೋರಿಸುತ್ತಾಳೆ, ತಿನ್ನಲು ಕೊಡುವುದಿಲ್ಲ. ಕದ್ವಾಡದ ಮನೆಯ ಮಾಡಿನ ಕೆಲಸ ಅರ್ಧ ಮುಗಿದಿದೆ. ಒಂದು ಕಡೆ ಹೊಸ ಹೆಂಚು, ಇನ್ನೊಂದು ಕಡೆ ಆಕಾಶ. ವಾರಕ್ಕೆರಡು ದಿನ ಅಲ್ಲಿ ಮಲಗಿದಾಗ ಆಕಾಶದ ಕಡೆಗೇ ಚಾಪೆ ಹಾಕಿಕೊಳ್ಳುತ್ತೇನೆ.

ಶನಿವಾರ ಸಂಬಳವಾಗಿತ್ತು. ಎಂದಿನಂತೆ ಬ್ಯಾಂಕಿಗೆ ಹೋಗಿ ಸರದಿಯಲ್ಲಿ ನಿಂತೆ. ನಾನು ನಿಲ್ಲಲಿಲ್ಲ, ಕಾಲೇ ಹೋಗಿ ನಿಂತಿತು. ಕಿಟಕಿಯ ಹತ್ತಿರ ಬಂದಾಗ ಬ್ಯಾಂಕಿನ ಹುಡುಗಿ ಹಣ ಕಳಿಸುವ ಚೀಟಿ ಹರಿದು ಕೈಯಲ್ಲಿ ಹಿಡಿದುಕೊಂಡಳು.

"ತಂಗಿಗೇ ಅಲ್ವಾ ಗಂಗಕ್ಕ?"

"ಅಲ್ಲ."

"ಮತ್ತೆ ಯಾರಿಗೆ?"

ಹಿಂದೆ ಜನ ನಿಂತಿದ್ದರು. "ನಂಗೆ" ಎಂದೆ. ಅವಳು ಚೀಟಿ ಬದಲಿಸಿ ಕೊಟ್ಟಳು.

ಹೊರಗೆ ಬಂದರೆ ಹುಲಿಯಾ ಮರದ ಕೆಳಗೆ ನಿಂತಿದ್ದ. ಎಲ್ಲಿಗಾದರೂ ಹೋಗುವ ಎಂದೆ. ಎಲ್ಲಿಗೆ ಎಂದ. ಕಾರವಾರದ ಬಸ್ಸು ನಿಂತಿತ್ತು, ಹತ್ತಿದೆವು. ಹದಿನಾಲ್ಕು ವರ್ಷ ಈ ಕಾಳಿ ಹೊಳೆಯ ಬದಿಗೇ ಬಸ್ಸಿನಲ್ಲಿ ಓಡಾಡಿದ್ದೇನೆ. ಯಾವತ್ತೂ ಕೆಲಸಕ್ಕೆ, ಇಲ್ಲ ನಿನ್ನ ಹತ್ತಿರಕ್ಕೆ. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಿದ್ದೆ. ಈ ಸಲ ಇಳಿದೆವು.

ಮರಳಿನ ಮೇಲೆ ಕೂತೆವು. ಕಾಳಿ ಎಷ್ಟು ಅಗಲವಾಗಿ ಬರುತ್ತಾಳೆ ಅಲ್ಲಿ! ನಮ್ಮ ಗೇಟಿನಿಂದ ಬಿಟ್ಟ ನೀರು ಇದರಲ್ಲಿ ಎಲ್ಲೋ ಇರಬೇಕು ಎಂದು ಹುಲಿಯಾ ಬಹಳ ಹೊತ್ತು ಹುಡುಕಿದ. ದೋಣಿಗಳು ಹೊಗೆಯ ಬಣ್ಣಕ್ಕೆ ತಿರುಗಿ, ಒಂದೊಂದೇ ಅಳಿಸಿ ಹೋದ ಹಾಗೆ ದೂರವಾದವು. ನಾನು ಏನನ್ನೂ ಯೋಚಿಸಲಿಲ್ಲ. ನಿನ್ನನ್ನೂ ನೆನೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಹೊತ್ತು ಮುಳುಗಿತು, ಆಮೇಲೂ ಬೆಳಕು ಇತ್ತು.

ಹುಲಿಯಾ ಗಡಿಬಿಡಿಯಿಂದ ಎದ್ದು ನಿಂತ. "ಗಂಗೂ, ಕೊನೇ ಬಸ್ಸು ಹೋತಲ್ಲ!"

"ಹೋಗ್ಲಿ" ಎಂದೆ.

ಅವನು ನನ್ನ ಮುಖ ನೋಡಿ, ಮತ್ತೆ ಕೂತ.

ಗಂಗೆ